ರಟ್ಟಿನ ಮನೆಯ ಕಿಟಕಿ

ಶ್ರೀ

ಅಫಜಲಪುರ,
ತಾ. 24-7-1986

ಚಿ. ಸೌ. ಸುಲಭಾಳಿಗೆ ನಿನ್ನ ಅತ್ತೆ ಭಾಗೀರಥಿಬಾಯಿ ಮನಸಾರೆ ಮಾಡುವ ಆಶೀರ್ವಾದಗಳು.

ಮೊದಲು ನಿನ್ನ ಮೈ ಹೇಗಿದೆ ಬರೆ. ಇಲ್ಲಿಂದ ಹೊರಡುವಾಗ ನಿನಗೆ ಸಣ್ಣಗೆ ಕೆಮ್ಮು ಇತ್ತು. ಅಂಥದ್ದರಲ್ಲಿ ಬಸ್ಸಿನ ಕಿಟಕಿಯ ಪಕ್ಕ ಕೂತು, ಗಾಳಿಗೆ ತಲೆಯೊಡ್ಡಿಕೊಂಡೇ ನಿಂಬರ್ಗಾ ಮುಟ್ಟಿದೆಯಂತೆ. ಬಿಸಿನೀರಿಗೆ ಅಜವಾನ ಹಾಕಿ ಕುಡಿ, ಹಟ ಮಾಡಬೇಡ. ನಿನ್ನ ತಾಯಿ ಜಾನಕೀಬಾಯಿಯವರ ಮೊಣಕಾಲು ನೋವು ಹೇಗಿದೆ? ಮದುವೆಯಲ್ಲಿ ಪಾಪ, ಒಂದು ಕಡೆ ಕೂತಿದ್ದನ್ನು ನಾನು ಕಾಣಲಿಲ್ಲ. ಇಲ್ಲಿ ನಾವೆಲ್ಲ ನೆಟ್ಟಗಿದ್ದೇವೆ. ಮಳೆ ಹದವಾಗಿ ಬಿದ್ದು ತೊಗರಿ ಎದ್ದಿದೆ. ಏಕಾದಶಿ ಮುಗಿದು ಶಾಕವ್ರತ ಹಿಡಿದಾಗಿನಿಂದ ಕಾಯಿಪಲ್ಲೆ ಬಂದ್. ಬದನೆಕಾಯಿಯ ಮುಖ ಕಾಣದೆ ನಿನ್ನ ಮಾವನವರ ಮುಖ ಸಣ್ಣದಾಗಿದೆ. ನಿನ್ನ ಗಂಡ ವ್ಯಂಕಟೇಶ ಜೇವರ್ಗಿಯ ಶಾಲೆಯಿಂದ ಶನಿವಾರ ಬರುತ್ತಾನೆ, ಸೋಮವಾರ ಹೋಗುತ್ತಾನೆ, ನಡುವೆ ಎರಡು ಮಾತು ಆಡಿದರೆ ಹೆಚ್ಚು. ಮೊದಲು ಇಷ್ಟು ಮೂಕನಾಗಿರಲಿಲ್ಲ. ಇನ್ನೊಂದು ಮಾತು. ಮದುವೆಯಲ್ಲಿ ಅಕ್ಕಿಯ ಮೇಲೆ ನಾವು ಬರೆಸಿದ ಹೆಸರು ಇಂದಿರಾ. ಅದನ್ನು ಬಿಟ್ಟು ನಿನ್ನ ತವರಿನ ಹೆಸರು ಹಿಡಿದು ಬರೆಯುತ್ತಿದ್ದೇನೆ ಎಂದು ಗಾಬರಿಯಾಗಬೇಡ. ಕಾರಣ ಮುಂದೆ ಬರುತ್ತದೆ.

ನಿನ್ನ ತಂದೆಯವರ ಪತ್ರ ಬಂತು. ಆಷಾಢ ಕಳೆದು ಪಂಚಮಿ ಮುಗಿದ ಮೇಲೂ ಮಗಳು ದೀಪಾವಳಿಯವರೆಗೆ ತಮ್ಮಲ್ಲೇ ಇರಲಿ ಎಂದು ಬಹಳ ಮರ್ಯಾದೆಯಿಂದ ಕೇಳಿದ್ದಾರೆ. ನಿನ್ನ ಮಾವನವರು ಓದಿ, ತವರಿನ ಆಸೆ, ಇದ್ದೇ ಇರುತ್ತದೆ ಎಂದು ಮಡಚಿಟ್ಟರು. ಗಂಡಸರಿಗೆ ಇಂಥವು ತಿಳಿಯುವುದಿಲ್ಲ. ಅಕ್ಷರ ನಿನ್ನ ತಂದೆಯವರದು, ಮಾತು ನಿನ್ನದು ಎಂದು ನನಗೆ ಗೊತ್ತಾಯಿತು. ನಾನೂ ಒಂದು ಕಾಲಕ್ಕೆ ಹೊಸ ಸೊಸೆಯಾಗಿದ್ದವಳೇ. ಮನಸ್ಸು ಮುರಿದ ಹುಡುಗಿ ದೀಪಾವಳಿ ಎನ್ನುತ್ತಾಳೆ, ದೀಪಾವಳಿ ಬಂದರೆ ಸಂಕ್ರಾಂತಿ ಎನ್ನುತ್ತಾಳೆ. ನೀನು ಈ ಮನೆಗೆ ತಿರುಗಿ ಬರುವುದೇ ಅನುಮಾನವಾದರೆ ಅದರ ಬೇರು ಎಲ್ಲಿದೆ ಎಂಬುದು ನನಗೆ ತಿಳಿದಿದೆ. ಅದಕ್ಕೇ ಈ ಕಾಗದ.

ನಿನ್ನ ಮದುವೆಯ ರುಖವತ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಮಂಟಪದ ಪಕ್ಕದ ಕೋಣೆಯಲ್ಲಿ ನಿಮ್ಮವರು ಉಂಡಿಗಳನ್ನು, ಚಕ್ಕುಲಿಯ ಗೋಪುರವನ್ನು, ನೀನು ಕೈಯಾರೆ ಮಾಡಿದ ಸಾಮಾನನ್ನೆಲ್ಲ ಓರಣವಾಗಿ ಹೂಡಿ, ಬೀಗಿತ್ತಿ ನೋಡಲಿ ಎಂದು ನನ್ನನ್ನು ಕರೆದೊಯ್ದರು. ಎಲ್ಲರ ಮನೆಯ ರುಖವತದಲ್ಲೂ ಮಣಿಯ ತೋರಣ, ಉಲ್ಲನ್ನಿನ ಗಿಳಿ ಇದ್ದೇ ಇರುತ್ತವೆ. ಇವೂ ಅವೇ ಅಂದುಕೊಂಡು ನಾನು ಮಾತಿಗೊಂದು ಮೆಚ್ಚುಗೆ ತಯಾರು ಮಾಡಿಕೊಂಡೇ ಒಳಗೆ ಬಂದಿದ್ದೆ, ಸುಳ್ಳೇಕೆ ಹೇಳಲಿ. ನಡುವೆ ನಿನ್ನ ರಟ್ಟಿನ ಮನೆ ನಿಂತಿತ್ತು. ಮುಂದಿನ ಗೋಡೆಯನ್ನು ಬಾಗಿಲಿನಂತೆ ತೆರೆದರೆ ಅಂಗಳ, ಅಂಗಳದ ಹಿಂದೆ ಪಡಸಾಲೆ, ಪಡಸಾಲೆಯ ಹಿಂದೆ ಅಡುಗೆಮನೆ. ಇದು ನಿಮ್ಮದೇ ಮನೆ ಎಂದು ನಿನ್ನ ತಾಯಿ ಹಿಗ್ಗಿನಿಂದ ಹೇಳಿದರು. ಅಷ್ಟರಲ್ಲಿ ನಮ್ಮ ನಾದಿನಿ ಗಂಗುಬಾಯಿ ಬಗ್ಗಿ ನೋಡಿ, "ನಮ್ಮಣ್ಣನ ಅಡಿಗಿಮನಿಗೆ ಕಿಟಕಿ ಯಾವಾಗ ಬಂತಬೇ? ಅಡ್ರೆಸ್ ತಪ್ಪಿ ಬ್ಯಾರೆಯವರ ಮನಿ ಮಾಡ್ಯಾಳ ನೋಡ್ರಿ!" ಎಂದಳು. ಅವಳ ಊರು ನೆಲೋಗಿಯಿಂದ ಬಂದ ಬಸ್ಸಿನ ಮಂದಿಯೆಲ್ಲ ನಕ್ಕರು. ನೀನು ತಲೆ ತಗ್ಗಿಸಿದೆ. ನಾನು ಮಾತಾಡಲಿಲ್ಲ.

ಅತ್ತೆಗೂ ಸರಿಬರಲಿಲ್ಲ ಎಂದು ನೀನು ತಿಳಿದೆ, ಅಲ್ಲವೇ? ಸುಲಭಾ, ನನಗೆ ಮಾತೇ ಹೊರಡಲಿಲ್ಲ. ಆ ಅಡುಗೆಮನೆಯಲ್ಲಿ ಒಲೆಯ ಮುಂದೆ ಒಬ್ಬ ಹೆಂಗಸು ಕೂತಿದ್ದಳು. ಬೆನ್ನು ನಮ್ಮ ಕಡೆ, ಮುಖ ಕಿಟಕಿಯ ಕಡೆ. ಕಿಟಕಿಗೆ ಹಳದಿ ಜಿಲೇಟಿನ್ ಕಾಗದ ಹಚ್ಚಿದ್ದೆ. ಹಿಂದಿನ ಬೆಳಕು ಅದರೊಳಗಿಂದ ಬಂದು ಆ ಹೆಂಗಸಿನ ಹೆಗಲ ಮೇಲೆ ಬಿದ್ದಿತ್ತು. ಈ ಮನೆಗೆ ಬಂದಾಗಿನಿಂದ ನಾನು ಮಾಳಿಗೆಯ ಒಂದು ಬೆಳಕಿಂಡಿಯ ಕೆಳಗೆ ಹೊಗೆ ನುಂಗುತ್ತ ಕೂತವಳು. ಅತ್ತೆ ಹಾಗೇ ಕೂತಿದ್ದರು, ಅವರ ಅತ್ತೆಯೂ ಹಾಗೇ. ಅಲ್ಲಿ ಒಂದು ಕಿಟಕಿ ಇರಬಹುದಿತ್ತು ಎಂದು ನನಗೇ ಹೊಳೆದಿರಲಿಲ್ಲ. ಮನೆ ನೋಡದ ಹುಡುಗಿಗೆ ಹೊಳೆದಿತ್ತು. ಬೀಗರ ನಡುವೆ ಅತ್ತುಬಿಡುತ್ತೇನೆಂಬ ಹೆದರಿಕೆಗೆ ನಾನು ತುಟಿ ಕಚ್ಚಿ ಹೊರಗೆ ಬಂದೆ.

ಆಮೇಲೆ ನಿನ್ನ ಸಾಮಾನೆಲ್ಲ ಈ ಮನೆಗೆ ಬಂದರೂ ರಟ್ಟಿನ ಮನೆ ಮಾತ್ರ ಕಾಣಲಿಲ್ಲ. ನಿಂಬರ್ಗಾದಲ್ಲೇ ಉಳಿಯಿತೇನೋ ಅಂದುಕೊಂಡೆ. ನೀನು ಆಷಾಢಕ್ಕೆ ಹೋದ ಮೇಲೆ ಏಕಾದಶಿಯ ಪಾತ್ರೆ ಇಳಿಸಲು ನಾಗಂದಿಗೆಗೆ ಕೈ ಹಾಕಿದರೆ, ಹಳೆಯ ಸೀರೆಯಲ್ಲಿ ಸುತ್ತಿ, ಮುಖ ಕೆಳಗೆ ಮಾಡಿ ಇಟ್ಟಿದ್ದೀ. ಹೆತ್ತ ಕೂಸನ್ನು ಹಾಗೆ ಬೋರಲು ಮಲಗಿಸುತ್ತಾರೇನು? ಅದನ್ನು ಬಿಚ್ಚಿ ಪಡಸಾಲೆಯ ಬೆಳಕಿಗೆ ತಂದು ಕೂತವಳು, ಅನ್ನ ತಳ ಹಿಡಿದ ವಾಸನೆ ಬಂದ ಮೇಲೇ ಎದ್ದೆ. ಎಂಥ ಕೈ ನಿನ್ನದು! ದೂರದಿಂದ ಕಲ್ಲಿನ ಗೋಡೆ. ಹತ್ತಿರ ಹೋದರೆ ಹರಿದ ಸುದ್ದಿಪತ್ರಿಕೆಯ ಚೂರುಗಳು. ಒಂದರ ಮೇಲೊಂದು ಹಚ್ಚಿ, ಮೇಲೆ ಕೆಮ್ಮಣ್ಣು ತಿಕ್ಕಿದ್ದೀ. ಒಂದು ಕಲ್ಲಿನಲ್ಲಿ ಇನ್ನೂ "ಹವಾಮಾನ" ಎಂಬ ಅಕ್ಷರ ಕಾಣುತ್ತದೆ. ಅಂಗಳಕ್ಕೆ ತೊಗರಿ ಹೊಟ್ಟು ಉದುರಿಸಿದ್ದೀ. ಕಂಬಕ್ಕೆ ಜೋಳದ ದಂಟಿನ ಸಿಪ್ಪೆ. ತುಳಸಿಕಟ್ಟೆಗೆ ಯಾರದೋ ಲಗ್ನಪತ್ರಿಕೆಯ ಅಂಚು, ದೇವರ ದೀಪಕ್ಕೆ ಉಗುರಿನಷ್ಟು ಬೇಗಡೆ. ಗೋಡೆಗಳು ಒಂದರ ಹಿಂದೆ ಒಂದು ನಿಲ್ಲಲೆಂದು ನಡುವೆ ಬೆಂಕಿಪೆಟ್ಟಿಗೆ ಇಟ್ಟಿದ್ದು ಪಕ್ಕದಿಂದ ನೋಡಿದರೇ ಗೊತ್ತಾಗುವುದು. ಒಲೆಯ ಮುಂದಿನ ಹೆಂಗಸಿಗೆ ಇಳಕಲ್ ಸೀರೆಯ ಚೂರು, ಸೆರಗು ಬೇರೆ, ಒಡಲು ಬೇರೆ. ಮೈದಾ ಅಂಟಿಗೆ ಮೈಲುತುತ್ತ ಹಾಕಿರಬೇಕು, ಒಂದು ಹುಳವೂ ಮುಟ್ಟಿಲ್ಲ. ಕೊನೆಗೆ ತುಳಸಿಕಟ್ಟೆಯ ಮೆಟ್ಟಿಲ ಕೆಳಗೆ, ಇರುವೆಯಂಥ ಅಕ್ಷರದಲ್ಲಿ "ಸುಲಭಾ" ಎಂದಿತ್ತು. ಇಷ್ಟು ಮಾಡಿದ ಕೈಗೆ ನಾವು ಬೇರೆ ಹೆಸರು ಇಡುವುದೇ? ಅಂದಿನಿಂದ ಈ ಮನೆಯಲ್ಲಿ ನೀನು ಸುಲಭಾಳೇ. ಇಂದಿರಾ ಲಗ್ನದ ಅಕ್ಕಿಯ ಮೇಲೆ ಉಳಿದಳು.

ಶನಿವಾರ ವ್ಯಂಕಟೇಶ ಬಂದಾಗ ಅದನ್ನು ಅವನ ಮುಂದಿಟ್ಟೆ. ಆಗ ಅವನ ಬಾಯಿ ಬಿಚ್ಚಿತು. ನಿಶ್ಚಯದ ಮಾತಿಗೆ ಇಲ್ಲಿಗೆ ಬಂದಿದ್ದ ನಿನ್ನ ಸೋದರಮಾವ ಜಯತೀರ್ಥ ರಾಯರನ್ನು ಕೂರಿಸಿಕೊಂಡು, ಬಾಗಿಲು ಎತ್ತ, ಕಂಬ ಎಷ್ಟು, ತುಳಸಿ ಎಲ್ಲಿ ಎಂದು ಕೇಳಿ ಕೇಳಿ ಮಾಡಿದೆಯಂತೆ. ಅಡುಗೆಮನೆಯ ಮಾತು ಬಂದಾಗ ಅವರು, "ಅದನ್ನ ನಾ ನೋಡಿಲ್ಲವಾ. ಮಡಿ ಮನಿ, ಹೊರಗಿನವ್ರನ್ನ ಒಳಗ ಬಿಡಂಗಿಲ್ಲ" ಎಂದರಂತೆ. ಅದೊಂದನ್ನು ನೀನು ಮನಸ್ಸಿನಿಂದಲೇ ಮಾಡಿದೆ. ಮನುಷ್ಯರು ಅಡುಗೆ ಮಾಡುವ ಮನೆ ಎಂದಮೇಲೆ ಕಿಟಕಿ ಇದ್ದೇ ಇರುತ್ತದೆ ಎಂದುಕೊಂಡೆ. ಗಂಗುಬಾಯಿ ನಕ್ಕದ್ದಕ್ಕೆ ನೀನು ಅತ್ತದ್ದನ್ನೂ ಅವನು ಹೇಳಿದ. ಆಮೇಲೆ ನೀನು ಇಲ್ಲಿಗೆ ಬಂದು, ಅದೇ ಹೊಗೆಯಲ್ಲಿ ನನ್ನ ಪಕ್ಕ ಕೂತು, ಕಣ್ಣೊರೆಸಿಕೊಳ್ಳುತ್ತ ರೊಟ್ಟಿ ಬಡಿದೆ. ಒಂದು ದಿನವೂ ಸೊಲ್ಲೆತ್ತಲಿಲ್ಲ.

ಅಂದೇ ನಿನ್ನ ಮಾವನವರಿಗೆ ಹೇಳಿದೆ, ಗೋಡೆಗೆ ಕಿಟಕಿ ಆಗಬೇಕು ಎಂದು. "ಕಾಗದದ ಮನಿ ನೋಡಿ ಕಲ್ಲಿನ ಗ್ವಾಡಿ ಒಡೀತಾರೇನು?" ಎಂದು ಪಂಚಾಂಗದಿಂದ ತಲೆ ಎತ್ತದೆ ಕೇಳಿದರು. ಅಜ್ಜನ ಕಾಲದ ಗೋಡೆ, ಮೊಳ ದಪ್ಪ, ಮಾಳಿಗೆ ಕೂತರೆ? ಮಡಿ ಅಡುಗೆಗೆ ಹೊರಗಿನವರ ಕಣ್ಣು ಬಿದ್ದರೆ? ಎಲ್ಲ ಕೇಳಿಸಿಕೊಂಡೆ. ಹೊಗೆಗೆ ಕಣ್ಣೇ ಹೋದ ಮೇಲೆ ಮಡಿ ಯಾವುದು, ಮೈಲಿಗೆ ಯಾವುದು ಎಂದು ನಾನು ಹೇಗೆ ಕಾಣಲಿ, ಹೇಳಿರಿ ಎಂದೆ. ಅವರು ಪಂಚಾಂಗ ಮುಚ್ಚಿದರು. ಗೋಡೆಯ ಆಚೆ ಖುರ್ಷಿದಬೇಗಂರ ಹಿತ್ತಲು. ಅವರ ಒಪ್ಪಿಗೆ ಇಲ್ಲದೆ ಅತ್ತ ಕಿಟಕಿ ತೆಗೆಯುವುದು ಧರ್ಮವಲ್ಲ ಎಂದು ನಾನೇ ಹೋಗಿ ಕೇಳಿದೆ. "ತೆಗೀರಿ ಬಾಯಿ. ಇಷ್ಟ ವರ್ಷ ಗ್ವಾಡಿಗೆ ಕಿವಿ ಹಚ್ಚಿ ಮಾತಾಡ್ದೆವು, ಇನ್ನ ಮಾರಿ ನೋಡಿ ಮಾತಾಡೂಣು" ಎಂದರು. ಗೌಂಡಿ ಖಾಜಾನನ್ನೂ ಅವರೇ ಕಳಿಸಿಕೊಟ್ಟರು.

ಖಾಜಾ ಅಳತೆ ಕೇಳಿದ. ನಾನು ರಟ್ಟಿನ ಮನೆಯನ್ನು ತಂದು ತೋರಿಸಿದೆ. ಅವನು ಕೈ ತೊಳೆದುಕೊಂಡು ಬಂದು ಅದನ್ನು ಹಿಡಿದ, ಅದು ನನಗೆ ಬಹಳ ಸೇರಿತು. ಬೆರಳು ಇಟ್ಟು ಅಳೆದು, ಕಿಟಕಿ ಬಾಗಿಲಿನ ಅರ್ಧದಷ್ಟು ಇದೆ, ಇಲ್ಲಿಯೂ ಹಾಗೇ ಇರಲಿ ಎಂದ. "ಈ ನಕಾಶೆ ಯಾರ ತೆಗದಾರ್ರಿ ಬಾಯಿ? ಇಂಜನೇರ ಸಾಬರೇನ್ರಿ?" ಎಂದು ಕೇಳಿದ. ನಮ್ಮ ಸೊಸಿ ಎಂದು ನಾನು ಎಷ್ಟು ಗಟ್ಟಿಯಾಗಿ ಹೇಳಿದೆನೆಂದರೆ ಪಡಸಾಲೆಯಲ್ಲಿದ್ದ ನಿನ್ನ ಮಾವನವರು ಕೆಮ್ಮಿದರು. "ಅಂಜಬ್ಯಾಡ್ರಿ, ಮ್ಯಾಲ ಶಹಾಬಾದಿ ಕಲ್ಲ ಕೂಡಸ್ತೇನಿ, ಮಾಳಗಿ ಅಳ್ಳಾಡಂಗಿಲ್ಲ" ಎಂದು ಅವರಿಗೆ ಧೈರ್ಯ ಹೇಳಿ ಸುತ್ತಿಗೆ ಎತ್ತಿದ. ಮೊದಲ ಕಲ್ಲು ಬಿದ್ದಾಗ ಬೆಳಕು ನೇರ ಒಲೆಯ ಮೇಲೆ ಬಿತ್ತು. ನಾನು ಎಂಥ ಗವಿಯಲ್ಲಿ ಕೂತಿದ್ದೆ ಎಂಬುದು ಆಗಲೇ ತಿಳಿದದ್ದು. ಗೋಡೆಯ ಮಸಿ ತಿಕ್ಕಿ ತಿಕ್ಕಿ ನನ್ನ ರಟ್ಟೆ ಬಿದ್ದುಹೋಗಿದೆ. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎನ್ನುತ್ತಾರೆ. ನಮ್ಮಲ್ಲಿ ಮಾತು ಕೆಡಿಸಿದ್ದನ್ನು ತೂತು ಸರಿಮಾಡಲಿ ಎಂದು ಗುರುರಾಯರನ್ನು ಬೇಡಿಕೊಂಡಿದ್ದೇನೆ.

ಒಂದು ಮಾತ್ರ ನಿನ್ನ ಲೆಕ್ಕ ತಪ್ಪಿತು. ನಿನ್ನ ಕಿಟಕಿಯಾಚೆ ಹಸಿರು ಗಿಡ ಇದೆ. ನಮ್ಮ ಕಿಟಕಿಯಾಚೆ ಖುರ್ಷಿದಬೇಗಂರ ಎಮ್ಮೆ ಇದೆ. ಮೊದಲ ದಿನ ಮಡಿಯುಟ್ಟು ಸಾರು ಕುದಿಸುತ್ತಿದ್ದೆ, ಕತ್ತಿನ ಮೇಲೆ ಬಿಸಿ ಉಸಿರು ಬಂತು. ತಿರುಗಿದರೆ ಅದು ಕೊಂಬು ಸಮೇತ ತಲೆ ಒಳಗೆ ಹಾಕಿ, ಏನು ಅಡುಗೆ ಎಂದು ವಿಚಾರಿಸುವ ಹಾಗೆ ನೋಡುತ್ತಿದೆ. ನಾನು ಚೀರಿದ್ದಕ್ಕೆ ನಿನ್ನ ಮಾವನವರು ಓಡಿ ಬಂದು ನೋಡಿ, "ಎಮ್ಮಿಗೆ ಮೈಲಿಗಿ ಇಲ್ಲ" ಎಂದು ತೀರ್ಪು ಕೊಟ್ಟು ಹೋದರು. ಎಮ್ಮೆಯನ್ನೂ ನಿನ್ನ ರಟ್ಟಿನ ಮನೆಗೆ ಸೇರಿಸೋಣ ಎಂದು ಹರಿದ ಕೊಡೆಯ ಬಟ್ಟೆ ಕತ್ತರಿಸಿ ನಾನೇ ಒಂದು ಮಾಡಿದೆ. ಖುರ್ಷಿದಬೇಗಂ ಕಿಟಕಿಯಿಂದ ನೋಡಿ, "ಹೆಗ್ಗಣ ಛಲೋ ಬಂದದರಿ" ಎಂದರು. ನನ್ನ ಕೈಗೆ ರೊಟ್ಟಿ ದುಂಡಗೆ ಬರುತ್ತದೆ, ಕತ್ತರಿ ಬರುವುದಿಲ್ಲ. ಅದಕ್ಕೆ ನಿನ್ನ ಕೈಯೇ ಬೇಕು.

ಇನ್ನು ಗಂಗುಬಾಯಿ. ಮೊನ್ನೆ ನೆಲೋಗಿಯಿಂದ ಬಂದಳು. ಅಡುಗೆಮನೆಗೆ ಕಾಲಿಟ್ಟವಳು ಹಾಗೇ ನಿಂತಳು. ಪಡಸಾಲೆಯ ಗೋಡೆಗೆ, ರಾಯರ ಪಟದ ಪಕ್ಕ, ನಿನ್ನ ರಟ್ಟಿನ ಮನೆಯನ್ನು ಎಲ್ಲರಿಗೂ ಕಾಣುವಂತೆ ನಿಲ್ಲಿಸಿದ್ದೇನೆ. ಹೋಗಿ ಅದನ್ನು ನೋಡಿ ಬಂದಳು, ಮತ್ತೆ ಕಿಟಕಿ ನೋಡಿದಳು. ತಪ್ಪಾಯಿತು ಎನ್ನುವ ಜಾತಿಯಲ್ಲ ಅವಳು, ನಿನಗೂ ಗೊತ್ತು. ಮೊರ ತಂದು ಕಿಟಕಿಯ ಕೆಳಗೆ ಕೂತು, "ಇಲ್ಲಿ ಅಕ್ಕಿ ಹಸನ ಮಾಡ್ಲಿಕ್ಕೆ ಬೆಳಕು ಛಲೋ ಅದ" ಎಂದಳು. ಊಟಕ್ಕೆ ಕರೆದರೂ ಅಲ್ಲಿಂದ ಏಳಲಿಲ್ಲ. ಅವಳ ಮಟ್ಟಿಗೆ ಅದೇ ಸಾಷ್ಟಾಂಗ ನಮಸ್ಕಾರ ಎಂದು ತಿಳಿದುಕೋ.

ನಿನ್ನ ತಂದೆಯವರಿಗೆ ನಾವು ಉತ್ತರ ಬರೆದಿಲ್ಲ. ನಿನ್ನ ಮನಸ್ಸು ತಿಳಿಯದೆ ಬರೆಯುವುದು ಬೇಡ ಎಂದೆ. ನಿಜವಾಗಿಯೂ ದೀಪಾವಳಿಯವರೆಗೆ ಇರಬೇಕು ಎನಿಸಿದರೆ ಇರು, ಯಾರೂ ಒಂದು ಮಾತು ಆಡುವುದಿಲ್ಲ, ಆಡಲು ನಾನು ಬಿಡುವುದಿಲ್ಲ. ನಿನ್ನ ತಂದೆ ತಾಯಿಯವರಿಗೆ ನಮ್ಮಿಬ್ಬರ ನಮಸ್ಕಾರ ತಿಳಿಸು. ಜಯತೀರ್ಥ ರಾಯರು ಸಿಕ್ಕರೆ, ಮುಂದಿನ ಸಲ ಅಡುಗೆಮನೆಯ ಬಾಗಿಲವರೆಗೆ ಬಂದು ನೋಡಿ ಹೋಗಬೇಕೆಂದು ಹೇಳು. ಮುತ್ತೈದೆಯಾಗಿ, ನಿನ್ನ ಕೈಯ ಕತ್ತರಿ ಹರಿತವಾಗಿ, ನೂರು ಕಾಲ ಬಾಳು.

ಇತಿ ನಿನ್ನ ಅತ್ತೆ,
ಭಾಗೀರಥಿಬಾಯಿ

ತಾ.ಕ.: ಟಪಾಲು ಹೊರಡುವ ಹೊತ್ತಾಯಿತು, ಮುಖ್ಯ ಮಾತೇ ಉಳಿಯಿತು. ನಿನ್ನ ಕಿಟಕಿಗೆ ಎರಡು ಕದ ಇದ್ದವು. ಒಂದು ನೀಲಿ, ಅದು ಉಳಿದಿದೆ. ಇನ್ನೊಂದು ಕಿತ್ತು ಎಲ್ಲಿಯೋ ಬಿದ್ದಿದೆ, ಬರೀ ಅಂಟಿನ ಗುರುತು ಇದೆ. ಅದೂ ನೀಲಿಯೇ ಎಂದು ವ್ಯಂಕಟೇಶ ಹೇಳುತ್ತಾನೆ. ಅಂಟಿನಲ್ಲಿ ಕೆಂಪು ಎಳೆಯೊಂದು ಹತ್ತಿಕೊಂಡಿದೆ, ಕೆಂಪು ಎಂದು ನಾನು ಹೇಳುತ್ತೇನೆ. ಬಡಿಗ ಕದ ಮಾಡಿ ಗೋಡೆಗೆ ಒರಗಿಸಿ ಹೋಗಿದ್ದಾನೆ, ಬಣ್ಣ ಯಾವುದು ಎಂದು ಕೇಳುತ್ತಾನೆ. ಅದನ್ನು ಕಾಗದದಲ್ಲಿ ಬರೆದು ಕಳಿಸಬೇಡ, ಕಳಿಸಿದರೆ ನಾನು ಓದುವುದಿಲ್ಲ. ಪಂಚಮಿಯ ಉಂಡಿ ಕಟ್ಟಿಕೊಂಡು ಬಂದು, ಕಿಟಕಿಯ ಮುಂದೆ ನಿಂತು ನೀನೇ ಹೇಳು. ಅಲ್ಲಿಯವರೆಗೆ ಕದ ಹಚ್ಚಿಸುವುದಿಲ್ಲ. ಎಮ್ಮೆ ಒಳಗೆ ನೋಡಿದರೆ ನೋಡಲಿ, ಅದೂ ನಿನ್ನ ದಾರಿಯನ್ನೇ ಕಾಯುತ್ತಿದೆ.