ತದಿಗೆಯ ಪುಟ್ಟ ಗಾಣ

ಮೂಡಬಿದ್ರೆ, ಜೈನಪೇಟೆ
ತಾ. 9-4-1961

ಪ್ರೀತಿಯ ಅಮ್ಮನಿಗೆ, ನಿನ್ನ ಮಗ ಭುಜಬಲಿ ಇಲ್ಲಿಂದಲೇ ಕಾಲಿಗೆರಗಿ ಬರೆಯುವುದು.

ಹೇಗಿದ್ದೀಯಾ? ಹಿಮ್ಮಡಿಯ ಬಿರುಕು ವಾಸಿಯಾಯಿತೆ? ಬರಿಗಾಲಲ್ಲಿ ಊರಿಂದೂರಿಗೆ ನಡೆಯುವವರ ಬಿರುಕು ವಾಸಿಯಾಗುವುದಾದರೂ ಹೇಗೆ ಎಂದು ಗೊತ್ತಿದ್ದೇ ಕೇಳುತ್ತಿದ್ದೇನೆ. ದಿನಕ್ಕೆ ಒಂದೇ ಹೊತ್ತು ಆಹಾರ, ಅದೂ ಅಂಜಲಿಯಲ್ಲಿ ಹಿಡಿದಷ್ಟು. ಮೊದಲಿನ ಹೊಟ್ಟೆಯುರಿ ಈಗ ಬಂದರೆ ಯಾರಿಗೆ ಹೇಳುತ್ತೀಯಾ? ಜಯವರ್ಮ ಮಾವ ನಿಮ್ಮ ಸಂಘದ ಜೊತೆಗೇ ಇದ್ದಾರೆಂಬುದೊಂದು ನನಗೆ ಧೈರ್ಯ. ತಂಗಿಯ ಮುಖ ನೋಡಿದರೆ ಅಣ್ಣನಿಗಾದರೂ ತಿಳಿಯಬೇಕು. ದೀಕ್ಷೆ ತೆಗೆದುಕೊಂಡವರನ್ನು ಅಮ್ಮ ಎನ್ನಬಾರದು, ಮಾತಾಜಿ ಎನ್ನಬೇಕು, ನೀವು ಎನ್ನಬೇಕು ಎಂದು ಮಾವ ಕಳೆದ ಸಲ ಬರೆದಿದ್ದರು. ಒಪ್ಪಿದೆ. ಎದುರಿಗೆ ಬಂದರೆ ಹಾಗೆಯೇ ಕರೆಯುತ್ತೇನೆ. ಕಾಗದದಲ್ಲಿ ಮಾತ್ರ ನನ್ನ ಕೈ ಹಾಗೆ ಬರೆಯಲೊಲ್ಲದು. ನಿನಗೆ ಓದಿ ಹೇಳುವಾಗ ಬೇಕಾದರೆ ಅವರೇ ತಿದ್ದಿಕೊಳ್ಳಲಿ.

ನಾನು ಆರೋಗ್ಯವಾಗಿದ್ದೇನೆ. ಅಕ್ಕಿ ಮಿಲ್ಲಿನಲ್ಲಿ ಫಿಟ್ಟರ್ ಕೆಲಸ ಹಾಗೆಯೇ ಉಂಟು. ನೀನು ಹೋಗಿ ಮೂರು ವರ್ಷವಾದರೂ ಕತ್ತಲಾಗುವ ಮೊದಲೇ ಊಟ ಮುಗಿಸುವ ನಿನ್ನ ಕಟ್ಟಳೆ ಬಿಟ್ಟಿಲ್ಲ. ಮಿಲ್ಲಿನ ಹಿಂದೆ ಕುಳಿತು ಬುತ್ತಿ ತಿಂದು ಮನೆಗೆ ಬರುತ್ತೇನೆ. ಬಂದ ಮೇಲೆ ಮಾಡಲು ಏನೂ ಇರುವುದಿಲ್ಲ. ಮನೆಯಲ್ಲಿ ಒಂದೇ ಬಟ್ಟಲು, ಒಂದೇ ಚಾಪೆ, ಒಂದೇ ಚೊಂಬು. ಒಬ್ಬನೇ ಇದ್ದರೆ ಪಾತ್ರೆ ತೊಳೆಯುವ ಕೆಲಸವೂ ಬೇಗ ಮುಗಿದುಹೋಗುತ್ತದೆ. ಪಕ್ಕದ ಮನೆಯ ಪದ್ಮಲತಾ ಚಿಕ್ಕಮ್ಮ ಮದುವೆಯ ಮಾತೆತ್ತುತ್ತಾರೆ. ನಾನು ನಕ್ಕು ಜಾರಿಕೊಳ್ಳುತ್ತೇನೆ. ನಿನ್ನ ಮೇಲೆ ನನಗೆ ಕೋಪವಿತ್ತಮ್ಮಾ, ಸುಳ್ಳು ಯಾಕೆ ಹೇಳಲಿ. ಅಪ್ಪ ತೀರಿಕೊಂಡ ಮೇಲೆ ನನಗಿದ್ದವಳು ನೀನೊಬ್ಬಳು, ನಿನಗೂ ಮನೆ ಸಾಕಾಯಿತು. ಈಗ ಕೋಪ ಕಡಿಮೆಯಾಗಿದೆ. ಅದು ಹೋದ ಜಾಗದಲ್ಲಿ ಬೇರೆ ಏನೂ ಬಂದು ಕುಳಿತಿಲ್ಲ, ಅದೇ ಕಷ್ಟ.

ಸಂಘ ಈ ಸಲ ಅಕ್ಷಯ ತದಿಗೆಗೆ ಮೂಡಬಿದ್ರೆಯಲ್ಲಿರುತ್ತದೆಂದು ಮಾವನ ಕಾಗದ ದೀಪಾವಳಿಯ ಹೊತ್ತಿಗೆ ಬಂತು. ಅಂದಿನಿಂದ ನನ್ನ ತಲೆ ಹೊಕ್ಕಿರುವುದು ಒಂದೇ. ಆ ದಿನ ನಿನ್ನ ಅಂಜಲಿಗೆ ನನ್ನ ಕೈಯಿಂದ ಕಬ್ಬಿನ ರಸ ಬೀಳಬೇಕು. ಅಮ್ಮನೆಂದು ಒಂದು ಲೋಟ ನೀರು ಕೊಡುವ ಹಕ್ಕೂ ಈಗ ನನಗಿಲ್ಲ. ಆದರೆ ಆಹಾರಕ್ಕೆ ಹೊರಟ ಮಾತಾಜಿಯವರನ್ನು ಬಾಗಿಲಲ್ಲಿ ನಿಂತು ಕರೆಯುವ ಹಕ್ಕು ಪೇಟೆಯ ಯಾವ ಗೃಹಸ್ಥ ಶ್ರಾವಕನಿಗೂ ಉಂಟಲ್ಲ, ಅದನ್ನು ನನ್ನಿಂದ ಕಸಿಯುವವರು ಯಾರು? ನೀನು ಪ್ರತಿ ತದಿಗೆಗೂ ಹೇಳುತ್ತಿದ್ದ ಕಥೆ ನನಗೆ ಬಾಯಿಪಾಠ. ಆದಿನಾಥ ಸ್ವಾಮಿ ಹಸಿದು ಮೌನವಾಗಿ ಬೀದಿಯಲ್ಲಿ ಬರುವಾಗ ಜನ ಆನೆ ಕೊಟ್ಟರಂತೆ, ಕುದುರೆ ಕೊಟ್ಟರಂತೆ, ಊಟ ಕೊಡಬೇಕೆಂದು ಒಬ್ಬರಿಗೂ ಹೊಳೆಯಲಿಲ್ಲವಂತೆ. ಕೊನೆಗೆ ಶ್ರೇಯಾಂಸ ರಾಜ ಕಬ್ಬಿನ ರಸ ಎರೆದ. ಆ ಕಥೆ ಹೇಳುತ್ತಾ ನೀನು ಕಬ್ಬನ್ನು ಚೂರು ಮಾಡಿ, ಒರಳಲ್ಲಿ ಕುಟ್ಟಿ, ಬಟ್ಟೆಯಲ್ಲಿ ಹಿಂಡುತ್ತಿದ್ದೆ. ಇಡೀ ಬೆಳಗ್ಗೆ ಹಿಂಡಿದರೂ ಬರುತ್ತಿದ್ದದ್ದು ಒಂದು ಸಣ್ಣ ಗಿಂಡಿ, ನಿನ್ನ ಅಂಗೈಯೆಲ್ಲ ಕೆಂಪು. ಪೇಟೆಯ ಅಂಗಡಿಯ ಕಬ್ಬಿನ ಹಾಲು ತರಲೇ ಎಂದರೆ, "ಅದರಲ್ಲಿ ಎಷ್ಟು ಇರುವೆ ಅರೆದು ಹೋಗಿದೆಯೋ ಮಗಾ, ಬೇಡ" ಎನ್ನುತ್ತಿದ್ದೆ. ಹಾಗಾಗಿ ಮನೆಯಲ್ಲೇ ಇಟ್ಟುಕೊಳ್ಳುವಂಥ ಒಂದು ಪುಟ್ಟ ಗಾಣ ಮಾಡುವುದೆಂದು ನಿಶ್ಚಯಿಸಿದೆ.

ಮೊದಲು ಹಲಸಿನ ಮರದ ಉರುಳೆ ಮಾಡಿದೆ. ರಸವನ್ನೆಲ್ಲ ಮರವೇ ಕುಡಿಯಿತು. ವಾರದಲ್ಲಿ ಹುಳಿ ವಾಸನೆ, ಅದರ ಹಿಂದೆ ಇರುವೆಯ ಸಾಲು. ಆಮೇಲೆ ಪಾಣೆಮಂಗಳೂರಿಗೆ ಹೋಗಿ ಅಬ್ದುಲ್ ಸಮದನ ಗುಜರಿ ಅಂಗಡಿಯಿಂದ ಕಬ್ಬಿಣ ತಂದೆ. ನಿನಗೆ ಸಮದನ ನೆನಪಿರಬೇಕು, ಒಮ್ಮೆ ಮಿಲ್ಲಿನ ಹಳೆಯ ಸಾಮಾನು ಕೊಳ್ಳಲು ಬಂದವನು ನಮ್ಮ ಜಗಲಿಯಲ್ಲಿ ಮಜ್ಜಿಗೆ ಕುಡಿದು ಹೋಗಿದ್ದ. ಕಬ್ಬಿಣದ ಉರುಳೆಯಲ್ಲಿ ರಸವೇನೋ ಧಾರಾಳವಾಗಿ ಬಂತು, ಆದರೆ ನೋಡುತ್ತಿದ್ದಂತೆ ಶಾಯಿಯ ಬಣ್ಣಕ್ಕೆ ತಿರುಗಿತು. ನೋಡಲೆಂದು ಮನೆಗೆ ಬಂದಿದ್ದ ಸಮದ ಲೋಟ ಎತ್ತಿ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ. ನಿನ್ನದು ಕೈಯೂ ಕಪ್ಪು, ಬಾಯಿಯೂ ಕಪ್ಪು ಮಾರಾಯ!" ಅಚ್ಚಿಗೆ ಲಾರಿಯ ಗ್ರೀಸು ಹಚ್ಚುತ್ತೇನೆಂದು ಅವನೇ ಡಬ್ಬಿ ತೆರೆದವನು, ನನ್ನ ಮುಖ ನೋಡಿ ಮುಚ್ಚಿದ. "ಹೋ, ಅದರಲ್ಲಿ ಕೊಬ್ಬು ಇರ್ತದೆ ಅಲ್ವಾ ನಿಮಗೆ? ತೆಂಗಿನೆಣ್ಣೆ ಹಾಕುವ, ಬಿಡು." ತೆಂಗಿನೆಣ್ಣೆಯನ್ನೇ ಹಾಕಿದೆವು. ಸ್ವಲ್ಪ ಕಿರುಗುಟ್ಟುತ್ತದೆ, ಕಿರುಗುಟ್ಟಲಿ.

ಹಿತ್ತಾಳೆ ನಮ್ಮಂಥವರ ಕೈಗೆಟುಕುವುದಲ್ಲ. ಒಂದು ಸಂಜೆ ನಿನ್ನ ಅರೆಯುವ ಕಲ್ಲನ್ನು ಸುಮ್ಮನೆ ತೊಳೆಯುತ್ತಿದ್ದೆ. ಯಾರೂ ಅರೆಯದಿದ್ದರೂ ಧೂಳು ಕೂತಿತ್ತಲ್ಲ, ಅದಕ್ಕೆ. ಆಗ ಹೊಳೆಯಿತು: ಕಲ್ಲು ರಸ ಕುಡಿಯುವುದಿಲ್ಲ, ಕಪ್ಪಾಗಿಸುವುದಿಲ್ಲ, ಒಂದು ಚೊಂಬು ನೀರು ಸುರಿದರೆ ಚೊಕ್ಕ. ನೆಲ್ಲಿಕಾರಿನ ಕಲ್ಲುಕುಟಿಗರಿಂದ ಎರಡು ಗುಂಡನೆಯ ಉರುಳೆ ಕಡೆಸಿದೆ. ಕಬ್ಬು ಜಾರದಂತೆ ಮೈಮೇಲೆ ಓರೆಗೆರೆ ಕೊರೆಸಿದೆ. ಹಲಸಿನ ಚೌಕಟ್ಟು, ಸಮದ ಕೊಟ್ಟ ಅಚ್ಚು, ಒಂದು ಹಿಡಿಕೆ. ಮೇಲಿನ ಉರುಳೆಯನ್ನು ಒತ್ತಿ ಹಿಡಿಯಲು ಒಂದು ಬೆಣೆ. ಆ ಬೆಣೆ ಎಳೆದರೆ ಸಾಕು, ಎರಡು ಉರುಳೆಯೂ ಕೈಗೆ ಬರುತ್ತವೆ. ತೊಳೆದು ಬಿಸಿಲಿಗಿಟ್ಟರೆ ಇರುವೆಗೆ ಅಲ್ಲಿ ಕೆಲಸವೇ ಇಲ್ಲ. ಎಲ್ಲ ಗಾಣಕ್ಕೂ ತಿರುಗಿಸಲು ಒಬ್ಬ, ಕಬ್ಬು ಕೊಡಲು ಇನ್ನೊಬ್ಬ ಬೇಕು. ನನಗೆ ಇನ್ನೊಬ್ಬನನ್ನು ಎಲ್ಲಿಂದ ತರಲಿ? ಅದಕ್ಕೆ ಗಾಣದ ಬಾಯಿಯನ್ನು ಓರೆ ಮಾಡಿ, ಕಬ್ಬು ತಾನಾಗಿ ಜಾರಿ ಬರುವ ಹಾಗೆ ಮಾಡಿದ್ದೇನೆ. ಅರೆಯುವ ಕಲ್ಲು ಕೊಳ್ಳುವಷ್ಟು ಶಕ್ತಿಯಿರುವ ಮನೆಯವರು ಇದನ್ನೂ ಕೊಳ್ಳಬಹುದು. ಮೊದಲ ದಿನ ನೊರೆ ನೊರೆ ಹಳದಿ ರಸ ಬಂದಾಗ ಯಾರನ್ನಾದರೂ ಕರೆದು ತೋರಿಸಬೇಕೆನ್ನಿಸಿ ಒಳಗೆ ತಿರುಗಿ ನೋಡಿದೆ. ಒಳಗೆ ಯಾರಿರುತ್ತಾರೆ! ಗಿಂಡಿ ಹಿಡಿದುಕೊಂಡು ಚಿಕ್ಕಮ್ಮನ ಮನೆಗೆ ಓಡಿದೆ.

ಅವರು ರಸ ಕುಡಿದು ಹೊಗಳಿದರು. ಎಲುಬಿನ ಹಂದರದ ಹಾಗಿರುವ ನನಗೆ ಭುಜಬಲಿ ಎಂದು ಹೆಸರಿಟ್ಟದ್ದು ಈಗ ಸಾರ್ಥಕವಾಯಿತು ಎಂದು ತಮಾಷೆಯನ್ನೂ ಮಾಡಿದರು. ಆಮೇಲೆ ಗಿಂಡಿ ಕೆಳಗಿಟ್ಟು ಮೆಲ್ಲಗೆ ಕೇಳಿದರು: "ಇದು ಅವರಿಗೆ ಅಂತಲೇ ಮಾಡಿದ್ದಲ್ವಾ ಮಗಾ? ಹಾಗಾದ್ರೆ ಅವರು ಇದನ್ನು ಮುಟ್ಟುವ ಹಾಗೆ ಇಲ್ಲ." ವ್ರತಸ್ಥರಿಗೆಂದೇ ಮಾಡಿದ ಆಹಾರ ಅವರಿಗೆ ಸಲ್ಲದು, ಮನೆಯವರು ತಮಗಾಗಿ ಮಾಡಿಕೊಂಡದ್ದರಲ್ಲಿ ಮಾತ್ರ ಅವರ ಪಾಲು. ಇದು ನೀನೇ ನನಗೆ ಕಲಿಸಿದ್ದು. ಮೂರು ತಿಂಗಳು ಕಲ್ಲು ಮರ ಕಬ್ಬಿಣದ ಹಿಂದೆ ಓಡಿದವನಿಗೆ ಅದೇ ಮರೆತುಹೋಗಿತ್ತು. ಉರುಳೆಯ ಮೇಲೂ ಅಚ್ಚಿನ ಮೇಲೂ ನಾನು ನಿನ್ನ ಹೆಸರನ್ನೇ ಬರೆದ ಹಾಗಾಗಿತ್ತು. ಅಷ್ಟು ಪ್ರೀತಿಯಿಂದ ಮಾಡಿದ್ದಕ್ಕೇ ಅದು ನಿನಗೆ ಬೇಡವಾಯಿತು. ಆ ದಿನ ಗಾಣಕ್ಕೆ ಗೋಣಿ ಮುಚ್ಚಿ ಮಲಗಿದೆ.

ಎರಡು ದಿನ ಮುನಿಸಿಕೊಂಡಿದ್ದು, ಮೂರನೆಯ ದಿನ ಗೋಣಿ ತೆಗೆದೆ. ನಿನಗಾಗಿ ಅಲ್ಲ, ಮನೆಗಾಗಿ ಎಂದು ಮೊದಲಿನಿಂದ ಶುರುಮಾಡಿದೆ. ದಿನಾ ಬೆಳಗ್ಗೆ ಮಿಲ್ಲಿಗೆ ಹೋಗುವ ಮುಂಚೆ ನನಗೊಂದು ಲೋಟ ತೆಗೆದು ಕುಡಿಯುತ್ತೇನೆ. ಮೊದಮೊದಲು ಲೆಕ್ಕಾಚಾರದಿಂದ ಕುಡಿದೆ, ಧರ್ಮಕ್ಕೆ ಮಂಕುಬೂದಿ ಎರಚುತ್ತಿದ್ದೇನೆಂದು ನನಗೇ ನಾಚಿಕೆಯಾಗುತ್ತಿತ್ತು. ಆಮೇಲೆ ಚಿಕ್ಕಮ್ಮ ತಮಗೂ ಒಂದು ಬೇಕೆಂದರು. ಅವರ ಸೊಸೆಗೆ ಕಾಮಾಲೆಯಾಗಿ ಕಬ್ಬಿನ ರಸ ಬಿಟ್ಟು ಬೇರೇನೂ ಒಗ್ಗುತ್ತಿರಲಿಲ್ಲ, ಪೇಟೆಯದು ಅವರಿಗೂ ಆಗದು. ಅವರದನ್ನು ನೋಡಿ ಎದುರಿನ ಮನೆಯವರು ಕೇಳಿದರು. ವೇಣೂರಿನಿಂದಲೂ ಒಬ್ಬರು ಹೇಳಿ ಕಳಿಸಿದ್ದಾರೆ. ಸಮದ ಕೂಡ ತನ್ನ ಹೆಂಡತಿ ಬೀಫಾತಿಮಾಳಿಗೆ ಒಂದು ಒಯ್ದ, ಉಪವಾಸದ ತಿಂಗಳಲ್ಲಿ ಸಂಜೆಗೆ ಇದಕ್ಕಿಂತ ಬೇರೆ ಬೇಡವಂತೆ. ಈಗ ಬೆಳಗ್ಗೆ ನಮ್ಮ ಬೀದಿಯಲ್ಲಿ ನಿಂತರೆ ಎರಡು ಮೂರು ಮನೆಯಿಂದ ಕಿರುಗುಟ್ಟುವುದು ಕೇಳುತ್ತದೆ. ನಿನ್ನ ಹೆಸರು ಅದರಿಂದ ಅಳಿಸಿಹೋಗಿದೆ ಅಮ್ಮಾ. ಅದು ಎಲ್ಲರ ಮನೆಯ ಸಾಮಾನಾಗಿದೆ, ನಿಜವಾಗಿ. ಇನ್ನು ನೀನು ಕುಡಿಯಬಹುದು ಎಂದುಕೊಂಡಿದ್ದೇನೆ. ಆದರೂ ಇದನ್ನೆಲ್ಲ ಮೊದಲೇ ಓದಿದರೆ ನಿನ್ನ ಮನಸ್ಸಿಗೆ ಸಂಶಯ ಬಂದೀತು. ಅದಕ್ಕೆ ಈ ಕಾಗದವನ್ನು ತದಿಗೆ ಕಳೆದ ಮೇಲೆಯೇ ಅಂಚೆಗೆ ಹಾಕುವುದು. ಬರೆದು ಇಟ್ಟುಕೊಳ್ಳುವುದು ನನ್ನ ಸಮಾಧಾನಕ್ಕೆ.

ಬಾಗಿಲಲ್ಲಿ ಕರೆಯುವ ಮಾತನ್ನು ದಿನವೂ ಅಭ್ಯಾಸ ಮಾಡುತ್ತಿದ್ದೇನೆ. "ಮಾತಾಜಿ, ವಂದಾಮಿ, ವಂದಾಮಿ, ವಂದಾಮಿ, ಅತ್ರ ತಿಷ್ಠ, ತಿಷ್ಠ, ಆಹಾರ ಜಲ ಶುದ್ಧ." ಇಲ್ಲಿ ನಿಲ್ಲಿ, ನಿಲ್ಲಿ ಎಂದು ಬಾಯಿಬಿಟ್ಟು ಕರೆಯದೆ ನೀವು ಯಾರ ಮನೆಯಲ್ಲೂ ನಿಲ್ಲುವುದಿಲ್ಲವಲ್ಲ. ಬಾವಿಕಟ್ಟೆಯಲ್ಲಿ ನಿಂತು ನಾನು ಹೀಗೆ ಕೂಗುವುದನ್ನು ಕೇಳಿ ಚಿಕ್ಕಮ್ಮನ ಮನೆಯ ದನ ಕೂಡ ನಿಂತು ನೋಡುತ್ತದೆ. ಆಹಾರದ ಹೊತ್ತಿಗೆ ಚಿಕ್ಕಮ್ಮನ ತಮ್ಮ ಮತ್ತು ಅವನ ಹೆಂಡತಿ ನಮ್ಮ ಮನೆಗೆ ಬಂದು ನಿಲ್ಲುತ್ತಾರೆ, ಮಡಿಯ ಕೆಲಸಕ್ಕೆ ಅವರಿದ್ದಾರೆ. ಕರೆಯುವವನು ಮಾತ್ರ ನಾನು.

ಇನ್ನೇನು ಬರೆಯಲಿ. ನಡೆಯುವಾಗ ಬಿಸಿಲು ಏರುವ ಮುಂಚೆ ನಡೆಯಿರಿ ಎಂದು ಮಾವನಿಗೆ ಹೇಳು. ನಿನ್ನ ಆಶೀರ್ವಾದ ನನಗೊಬ್ಬನಿಗೇ ಎಂದು ಕೇಳುವಂತಿಲ್ಲ, ಎಲ್ಲ ಜೀವಗಳಿಗೂ ನೀನು ಕೊಡುವುದರಲ್ಲಿ ನನ್ನ ಪಾಲೂ ಇರಲಿ.

ನಿನ್ನ ಮಗ,
ಭುಜಬಲಿ

ಮರೆತ ಮಾತು, ತಾ. 19-4-1961: ಅಂಚೆಯ ಚೀಲ ಹೊರಡುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ತದಿಗೆಯ ದಿನ ನಡೆದದ್ದು ನಿನಗೇ ಗೊತ್ತು. ನೀನು ನಮ್ಮ ಬೀದಿಗೇ ಬಂದೆ. ನಾನು ಕಲಶ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ನೀನು ಹತ್ತಿರ ಬಂದಾಗ ನನ್ನ ಬಾಯಿಗೆ ಬಂದದ್ದು ಅಮ್ಮಾ ಎಂಬ ಒಂದೇ ಶಬ್ದ. ಅದನ್ನು ನುಂಗಿದೆ. ನುಂಗಿದ ಮೇಲೆ ಬೇರೆ ಮಾತೂ ಬರಲಿಲ್ಲ. ತಲೆ ತಗ್ಗಿಸಿ ನೆಲ ನೋಡುತ್ತಾ ನಿಂತುಬಿಟ್ಟೆ, ನೀನು ಮುಂದೆ ಹೋದೆ. ಚಿಕ್ಕಮ್ಮ ಗಟ್ಟಿಯಾಗಿ ಕರೆದರು, ನೀನು ಅಲ್ಲಿ ನಿಂತೆ. ಅವರ ಗಾಣದ ರಸ ಕುಡಿದೆ. ಗೋಡೆಯ ಈಚೆ ನಾನಿದ್ದೆ. ಅಳುವ ಸದ್ದು ಕಿವಿಗೆ ಬಿದ್ದರೆ ನೀವು ಆಹಾರ ಬಿಟ್ಟು ಏಳಬೇಕಲ್ಲ, ಅದಕ್ಕೆ ನೀನು ಮುಗಿಸುವವರೆಗೂ ಹೆಗಲ ಮೇಲಿನ ಬೈರಾಸು ಕಚ್ಚಿ ಹಿಡಿದಿದ್ದೆ. ನಿನ್ನನ್ನು ಹಸಿವಿನಲ್ಲಿ ಕಳಿಸಲಿಲ್ಲ, ಅಷ್ಟಾದರೂ ನನ್ನಿಂದ ಆಯಿತು. ಈಗ ಒಂದೇ ಒಂದು ವಿಷಯ ಕೇಳುವುದಕ್ಕುಂಟು. ಕರೆಯದ ಬಾಗಿಲಲ್ಲಿ ಕಾಯುವುದು ನಿಮ್ಮ ವ್ರತಕ್ಕೆ ಸಲ್ಲದೆಂದು ನನಗೆ ಗೊತ್ತು. ಆದರೂ ನೀನು ನಮ್ಮ ಬಾಗಿಲೆದುರು ಸ್ವಲ್ಪ ಹೊತ್ತು ನಿಂತೇ ಇದ್ದೆ ಎಂದು ಚಿಕ್ಕಮ್ಮ ಹೇಳುತ್ತಾರೆ. ನಾನು ನೆಲ ನೋಡುತ್ತಿದ್ದವನು, ನನಗೆ ಕಾಣಲಿಲ್ಲ. ಉದ್ದ ಉತ್ತರ ಬೇಡ. ಹೌದು ಅಥವಾ ಇಲ್ಲ ಎಂದು ಮಾವನ ಕೈಯಿಂದ ಒಂದು ಕಾರ್ಡು ಬರೆಸು. ನಿಂತಿದ್ದೆಯಾ ಅಮ್ಮಾ?