ಕೆಂಚನ ವಸಡು

ಶಿಡ್ಲಘಟ್ಟ
ಗುರುವಾರ

ಮಾವನವರಿಗೆ ಶೈಲಜಾಳ ನಮಸ್ಕಾರಗಳು.

ನಾಯಿ ಕಚ್ಚಿದ ಕೈಯ ಗಾಯ ಒಣಗುತ್ತಿದೆಯೆಂದು ಕೇಳಿದೆ. ಉಳಿದ ಇಂಜೆಕ್ಷನ್ನುಗಳನ್ನು ತಪ್ಪಿಸಬೇಡಿ.

ಫೋನಿನಲ್ಲಿ ಹೇಳಲು ಧೈರ್ಯ ಬರಲಿಲ್ಲ. ನಿಮ್ಮನ್ನು ಕಚ್ಚಿದ ಕೆಂಚನನ್ನು ಮುರುಗಮಲ್ಲದ ಕಡೆ ಬಿಟ್ಟುಬಂದೆವೆಂದು ನಿಮಗೆ ಹೇಳಿದ್ದು ಸುಳ್ಳು. ಅದನ್ನು ಪಶುವೈದ್ಯರ ಹತ್ತಿರ ಕರೆದೊಯ್ದೆ. ಅವರು ಅದರ ತುಟಿ ಎತ್ತಿ ತೋರಿಸಿದರು. ವಸಡು ಕೆಂಪಗೆ ಊದಿ, ಹಲ್ಲಿನ ಬುಡದಲ್ಲಿ ಕೀವು ತುಂಬಿತ್ತು.

"ಇದು ಪೊಗರಲ್ಲಮ್ಮ, ನೋವು. ಇಂಥ ಬಾಯಿ ಸವರಿದ್ರೆ ಕಚ್ಚದೆ ಇನ್ನೇನ್ ಮಾಡ್ತದೆ?" ಎಂದರು. ಮೂರು ಹಲ್ಲು ಕಿತ್ತರು.

ಮಾವ, ತಪ್ಪು ನನ್ನದು. ಅದು ನಿಮ್ಮನ್ನು ಕಚ್ಚುವುದಕ್ಕೆ ತಿಂಗಳ ಮುಂಚೆಯೇ, ಅರ್ಧ ತಿಂದು ಬಿಟ್ಟ ಮುದ್ದೆಯ ಮೇಲೆ ರಕ್ತ ನೋಡಿದ್ದೆ. ರೇಷ್ಮೆಹುಳುವಿಗೆ ಸೊಪ್ಪು ಹಾಕುವ ಆತುರದಲ್ಲಿ ತಟ್ಟೆ ತೊಳೆದಿಟ್ಟೆ. ಯಾರಿಗೂ ಹೇಳಲಿಲ್ಲ. ಬಾಯಿ ನಾರುತ್ತದೆಂದು ಅದನ್ನು ಬೈದು ದೂರವೂ ಅಟ್ಟಿದ್ದೆ.

ಈಗ ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿ ಕೊಡುತ್ತಿದ್ದೇನೆ. ನಿನ್ನೆ ಪೂರ್ತಿ ತಿಂದು, ನಿಮ್ಮ ಮಂಚದ ಕೆಳಗೆ ಹೋಗಿ ಮಲಗಿತು.

ಈಗಲೂ ಕೆಂಚ ಮನೆಯಲ್ಲಿ ಬೇಡವೆಂದರೆ ನೀವೇ ಬಂದು, ಅದರ ಬಾಯಿ ನೋಡಿ ಹೇಳಿ. ಭಾನುವಾರ ಗೌರಿಬಿದನೂರಿನಿಂದ ಬೆಳಗಿನ ಬಸ್ಸಿಗೆ ಹೊರಡಿ. ಬೈಯುವುದಿದ್ದರೆ ನನ್ನನ್ನು ಬೈಯಿರಿ, ಆದರೆ ಮನೆಗೆ ಬನ್ನಿ.

ನಿಮ್ಮ ಸೊಸೆ,
ಶೈಲಜಾ