ಗಣಪತಿಗೆ ಕರಕಿ ಕೇಳಿದ ಕಚೇರಿಗೆ

ಊರ ಸ್ವಚ್ಛತೆಯ ಹೊಣೆ ಹೊತ್ತ ಪುರಸಭೆಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ನನ್ನ ಅಂಗಳದ ಹುಲ್ಲಿಗೆ ತಾವು ಕಳೆನಾಶಕ ಹೊಡೆಸಿದಿರಿ. ಕಾಂಪೌಂಡಿನೊಳಗೆ ನಾನೇ ಬಿತ್ತಿ ಬೆಳೆಸಿದ ಹುಲ್ಲಿಗೆ. ಆಗಸ್ಟ್ ಹದಿನೈದರ ಪ್ರಭಾತ ಫೇರಿ ನನ್ನ ಮನೆ ಮುಂದೆ ಹಾಯುತ್ತದೆ, ಅತಿಥಿಗಳ ಕಣ್ಣಿಗೆ ‘ಕಾಡು’ ಬೀಳಬಾರದು ಎಂಬುದು ಕಾರಣ. ಈಗ ಬಾವಿಯ ಹಿಂದೆ ಉಳಿದ ಅರ್ಧವನ್ನೂ ಸೋಮವಾರ ಜೆಸಿಬಿ ತಂದು ಕೀಳುವುದಾಗಿ ಗೇಟಿಗೆ ನೋಟಿಸು ಅಂಟಿಸಿದ್ದೀರಿ. ಅದರಲ್ಲಿ ನನ್ನ ತೋಟದ ಹೆಸರು ‘ಅನುಪಯುಕ್ತ ಸಸ್ಯರಾಶಿ’. ಇಷ್ಟೊಂದು ಸಂಸ್ಕೃತ ಬಲ್ಲ ಕಚೇರಿಗೆ ಒಂದು ಹುಲ್ಲಿನ ಹೆಸರೂ ಗೊತ್ತಿಲ್ಲವೇ?

ನಾನು ತಲೆ ಮೇಲೆ ಹುಲ್ಲಿನ ಹೊರೆ ಹೊತ್ತು ಮಾರಿ, ಮುಂದೆ ಹಿಂಡಿ-ಬೂಸಾದ ಅಂಗಡಿ ಹಾಕಿದವನು. ಗಿಟ್ಟದ ಕೆಲಸಕ್ಕೆ ಕೈಹಾಕುವವನಲ್ಲ. ಸತ್ತಿ ಊರಿನ ಕಡೆ ದನ ಮೇಯುತ್ತಿದ್ದ ಗಾಯರಾಣವೆಲ್ಲ ಕಬ್ಬಾಗುವ ಮೊದಲು ಅಲ್ಲಿಂದ ಕರಡ, ಮಾರವೇಲ ಹುಲ್ಲಿನ ಬೀಜ ತಂದು ಬಿತ್ತಿದೆ. ಗೋಡೆಯಂಚಿಗೆ ಕರಕಿ, ಅಂದರೆ ಪೂಜೆಯ ಗರಿಕೆ, ತಾನಾಗಿಯೇ ಬಂತು. ಮಳೆ ಬಿದ್ದರೆ ಸಾಕು, ಮತ್ತೇನೂ ಕೇಳುವುದಿಲ್ಲ. ದೀಪಾವಳಿ ಹೊತ್ತಿಗೆ ಕರಡ ಕೆಂಪೇರುತ್ತದೆ. ಗಾಳಿ ಬೀಸಿದರೆ ಇಡೀ ಅಂಗಳವೇ ಒಂದು ಮಗ್ಗುಲಿಗೆ ಹೊರಳುತ್ತದೆ. ಬಾವಿಯ ಮೇಲೆ ಬಾಗಿದ ಜಾಲಿ ಮರಕ್ಕೆ ಗೀಜಗಗಳು ಬಂದು ಈ ಹುಲ್ಲನ್ನೇ ಸೀಳಿ ಗೂಡು ನೇಯುತ್ತಿದ್ದವು. ಓಣಿಯ ಹೆಂಗಸರು ಕೊಡ ಹಿಡಿದು ನಿಂತಿದ್ದ ಬೇಸಿಗೆಯಲ್ಲಿ ತಮ್ಮ ಉದ್ಯಾನದ ಪರದೇಶಿ ಲಾನಿಗೆ ಟ್ಯಾಂಕರ್ ನೀರು ಬಿಡಿಸಿದಿರಲ್ಲ, ಅಲ್ಲಿ ಒಂದು ಗುಬ್ಬಿ ಕೂತದ್ದನ್ನು ತೋರಿಸಬಲ್ಲಿರಾ? ‘ಹುಲ್ಲಿನ ಮೇಲೆ ಕಾಲಿಡಬಾರದು’ ಎಂಬ ಫಲಕವೊಂದೇ ಅಲ್ಲಿ ಹಸಿರಾಗಿರುವುದು.

ಇನ್ನು ಚೌತಿಯ ಹಿಂದಿನ ದಿನದ ಸಂಗತಿ. ತಮ್ಮ ಸಿಪಾಯಿ ಉತ್ತಮ ಬಂದ. ಅಂದು ಕಳೆ ಔಷಧದ ಪಂಪು ಬೆನ್ನಿಗೆ ಹಾಕಿಕೊಂಡು ಬಂದಿದ್ದವನೂ ಅವನೇ.

“ಚಾಚಾ, ಆಫೀಸಿನ ಗಣಪತಿಗೆ ಒಂದ ಜೂಡಿ ಕರಕಿ ಬೇಕಾಗೇತ್ರಿ. ವರ್ಷಾ ಇಲ್ಲಿಂದನ ಒಯ್ತೀವಲ್ರಿ.”

ನನ್ನ ಹೆಂಡತಿ ಕುಲಸುಂಬಿ ಬಾಗಿಲಿಗೆ ಬಂದಳು. “ಒಯ್ಯೋ ಉತ್ತಮಾ, ಯಾರ ಬ್ಯಾಡ ಅಂದಾರ? ನೀ ಔಷಧ ಹೊಡದ ಜಾಗಾದಾಗ ಐತಿ, ಕಿತ್ಕೊ. ದೇವರ ತಲಿ ಮ್ಯಾಲ ಇಡೂದಕ್ಕಿಂತ ಮೊದಲ ಸಾಬಾಣ ಹಚ್ಚಿ ತೊಳೀರಿ ಅಂತ ನಿಮ್ಮ ಸಾಹೇಬ್ರಿಗೆ ಹೇಳು.”

ಅವನು ಸುಟ್ಟುಹೋದ ಕರಕಿ ನೋಡುತ್ತ ನಿಂತ. “ಇದು ಪೂಜಾಕ್ಕ ಬೇಕಾಗ್ತೈತ್ರಿ ಅಂತ ನಾ ಅವತ್ತ ಅಂದಿದ್ನಿ ಚಾಚಿ. ಸಾಹೇಬ್ರು ‘ಹಸರ ಕಂಡದ್ದೆಲ್ಲಾ ಹೊಡಿ’ ಅಂದ್ರು.”

ಬರಿಗೈಯಲ್ಲಿ ಹೋದ. ಮರುದಿನ ಪ್ರಸಾದಕ್ಕೆಂದು ಕಚೇರಿಗೆ ಬಂದಾಗ ತಮ್ಮ ಗಣಪತಿಯ ಕೊರಳಲ್ಲಿ ಪ್ಲಾಸ್ಟಿಕ್ ಕರಕಿಯ ಹಾರ ಕಂಡೆ. ಜಾಣ ಆಯ್ಕೆ. ಅದಕ್ಕೆ ಯಾವ ಔಷಧವೂ ನಾಟುವುದಿಲ್ಲ.

ನಾನು ಪರಿಹಾರ ಕೇಳುತ್ತಿಲ್ಲ. ಜಾಲಿಯಲ್ಲಿ ಅರ್ಧ ನೇಯ್ದ ಗೂಡು ಖಾಲಿ ತೂಗುತ್ತಿದೆ, ಅದನ್ನು ಮುಗಿಸಿಕೊಡುವುದು ಯಾವ ಇಲಾಖೆಯ ಕೈಲೂ ಆಗದು. ಆದರೆ ಬಾವಿಯ ಹಿಂದಿನ ಹುಲ್ಲಿನಲ್ಲಿ ಒಂದು ಲಾವಗಿ ಹಕ್ಕಿ ಮೊಟ್ಟೆಗೆ ಕೂತಿದೆ. ಕರಡದ ಬೀಜ ಇನ್ನೂ ಬಲಿತಿಲ್ಲ. ಮತ್ತೆ ತರೋಣವೆಂದರೆ ಆ ಗಾಯರಾಣವೇ ಉಳಿದಿಲ್ಲ. ನೋಟಿಸು ಹಿಂದಕ್ಕೆ ಪಡೆಯಿರಿ. ಯಂತ್ರ ನನ್ನ ಗೇಟು ದಾಟಕೂಡದು. ದಾಟಿಸಿಯೇ ತೀರುವಿರಾದರೆ ಉತ್ತಮನನ್ನು ಮುಂದೆ ಮಾಡಬೇಡಿ, ತಾವೇ ಬನ್ನಿ. ಮೊಟ್ಟೆ ಮೇಲಿನ ಹಕ್ಕಿಯನ್ನು ತಮ್ಮ ಕೈಯಾರೆ ಎಬ್ಬಿಸಿ.

ಇಂತಿ,
ಈ ವರ್ಷ ತಮ್ಮ ದೇವರಿಗೆ ಒಂದು ಜೂಡಿ ಕರಕಿ ಕೊಡಲಾಗದೆ ನಾಚಿಕೊಂಡಿರುವ
ಹಿಂಡಿ ಅಂಗಡಿಯ ಬಾಬುಸಾಬ